‘ನೀರು ಬೇಡ’ ಎನ್ನಬಲ್ಲವರಿಗಾಗಿ ಒಂದು ಹರಾಜು

ಅಮೆರಿಕದ ಕಾಂಕ್ರೀಟ್ ಉದ್ಯಮ ವರ್ಷಕ್ಕೊಮ್ಮೆ ಲಾರಿ, ಗರಗಸ, ಸಿಮೆಂಟು ಹರಾಜು ಹಾಕಿ ಮಕ್ಕಳನ್ನು ಓದಿಸುತ್ತದೆ. ಸಿಮೆಂಟ್ ಸುಡುವ ಕಲಬುರಗಿ, ಅದನ್ನು ನುಂಗುವ ಬೆಂಗಳೂರು ಎರಡೂ ನಮ್ಮಲ್ಲೇ ಇವೆ. ಆದರೆ ಮಿಶ್ರಣ ಬಲ್ಲವರನ್ನು ಬೆಳೆಸುವ ಹಣ?

ಹರಾಜು ಕೂಗುವವನ ಬಾಯಿಗೆ ಬಿಡುವೇ ಇಲ್ಲ. ಒಂದು ಅಂಕಿಯ ಬಾಲ ಹಿಡಿದು ಇನ್ನೊಂದು ಅಂಕಿ ಹೊರಡುತ್ತದೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಬೆಳಗಿನ ಹೊತ್ತು ನಿಂತವರಿಗೆ ಈ ಲಯ ಹೊಸದಲ್ಲ. ಇಲ್ಲಿ ಬಿಕರಿಗೆ ಬಂದಿರುವುದು ಮಾತ್ರ ಕಾಂಕ್ರೀಟ್ ಮಿಕ್ಸರ್ ಲಾರಿ.

ಊರು ಅಮೆರಿಕದ ಲಾಸ್ ವೇಗಸ್. ತಿಂಗಳು ಜನವರಿ. ಜೂಜಿಗೆ ಹೆಸರಾದ ಊರಿಗೆ ಈ ಕೆಲವು ದಿನ ಬರುವ ಜನರೇ ಬೇರೆ: ಕಂಟ್ರಾಕ್ಟರುಗಳು, ಬ್ಯಾಚಿಂಗ್ ಪ್ಲಾಂಟ್ ಮಾಲೀಕರು, ಪಂಪ್ ನಡೆಸುವವರು, ಸಿಮೆಂಟ್ ಮಾರುವವರು. ‘ವರ್ಲ್ಡ್ ಆಫ್ ಕಾಂಕ್ರೀಟ್’ ಎಂಬ ಈ ಜಾತ್ರೆ 1975ರಲ್ಲಿ ಹ್ಯೂಸ್ಟನ್ ನಗರದಲ್ಲಿ ಶುರುವಾಯಿತು. ಈಗ ಇದಕ್ಕೆ ಹತ್ತಾರು ಸಾವಿರ ಜನ ಬರುತ್ತಾರೆ.

ಜಾತ್ರೆಯ ನಡುವೆ ನಡೆಯುವ ಈ ಹರಾಜಿನ ಪಟ್ಟಿ ಓದಲು ಸೊಗಸು. ಮಿಕ್ಸರ್ ಲಾರಿ, ಕಾಂಕ್ರೀಟ್ ಕೊರೆಯುವ ಗರಗಸ, ಡ್ರಿಲ್ಲು, ವೈಬ್ರೇಟರು, ಜನರೇಟರು, ಪಂಪು, ಲೋಡುಗಟ್ಟಲೆ ಸಿಮೆಂಟು, ಲ್ಯಾಪ್‌ಟಾಪು, ಪ್ರವಾಸದ ಟಿಕೆಟ್ಟು. ಎಲ್ಲವನ್ನೂ ಯಾರೋ ಪುಕ್ಕಟೆ ಕೊಟ್ಟಿದ್ದಾರೆ. ಕೊಟ್ಟವರೂ ಉದ್ಯಮದವರೇ, ಕೂಗಿ ಕೊಳ್ಳುವವರೂ ಉದ್ಯಮದವರೇ. ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಹರಾಜಿನ ಮೊತ್ತ ಹತ್ತು ಲಕ್ಷ ಡಾಲರ್ ದಾಟಿದೆ.

ಆ ಹಣ ಹೋಗುವುದು ಒಂದು ಪದವಿ ಕೋರ್ಸಿಗೆ. ಹೆಸರು ‘ಕಾಂಕ್ರೀಟ್ ಇಂಡಸ್ಟ್ರಿ ಮ್ಯಾನೇಜ್‌ಮೆಂಟ್’, ಚಿಕ್ಕದಾಗಿ ಸಿಐಎಂ. ವಿದ್ಯಾರ್ಥಿವೇತನ, ಪ್ರಯೋಗಾಲಯದ ಸಲಕರಣೆ, ಹೊಸ ವಿದ್ಯಾರ್ಥಿಗಳನ್ನು ಹುಡುಕುವ ಕೆಲಸ ಎಲ್ಲಕ್ಕೂ ಇದೇ ಆಸರೆ.

ಕಾಂಕ್ರೀಟಿಗೇ ಒಂದು ಪದವಿ

ಕಾಂಕ್ರೀಟ್ ಕಲಿಯಲು ನಾಲ್ಕು ವರ್ಷ ಬೇಕೆ? ಮರಳು, ಜಲ್ಲಿ, ಸಿಮೆಂಟು, ನೀರು ಸೇರಿಸಿ ಕಲಸಿದರೆ ಮುಗಿಯಲಿಲ್ಲವೆ? ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಕೇಳುವಂಥದ್ದಲ್ಲ. ತೊಂಬತ್ತರ ದಶಕದ ಅಮೆರಿಕದಲ್ಲೂ ಸಿವಿಲ್ ಎಂಜಿನಿಯರಿಂಗ್ ಓದಿದ ಹುಡುಗರಿಗೆ ಕಾಂಕ್ರೀಟ್ ಎಂದರೆ ಒಂದೆರಡು ಪತ್ರಿಕೆಯ ವಿಷಯ. ಇತ್ತ ರೆಡಿಮಿಕ್ಸ್ ಕಂಪನಿಗಳಲ್ಲಿ ಡ್ರೈವರಾಗಿ ಸೇರಿ, ಮೇಲ್ವಿಚಾರಕರಾಗಿ, ಮ್ಯಾನೇಜರಾಗಿ ಏರಿದ ಹಿರಿಯರು ನಿವೃತ್ತಿಯ ಅಂಚಿಗೆ ಬಂದಿದ್ದರು. ಅವರ ಜಾಗಕ್ಕೆ ಬರಬೇಕಾದವರಿಗೆ ವಸ್ತುವಿನ ವಿಜ್ಞಾನ ಗೊತ್ತಿದ್ದರೆ ವ್ಯಾಪಾರ ಗೊತ್ತಿರಲಿಲ್ಲ, ವ್ಯಾಪಾರ ಗೊತ್ತಿದ್ದರೆ ವಿಜ್ಞಾನ ಗೊತ್ತಿರಲಿಲ್ಲ.

ಹಾಗಾಗಿ ಉದ್ಯಮದವರೇ ವಿಶ್ವವಿದ್ಯಾಲಯದ ಬಾಗಿಲಿಗೆ ಹೋದರು. ನ್ಯಾಶ್‌ವಿಲ್ ಸಮೀಪದ ಮರ್‌ಫ್ರೀಸ್‌ಬರೊ ಊರಿನ ಮಿಡಲ್ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಈ ಕೋರ್ಸ್ ಆರಂಭವಾಯಿತು. ಅರ್ಧ ಪಾಠ ಕಾಂಕ್ರೀಟಿನದು, ಇನ್ನರ್ಧ ಲೆಕ್ಕಪತ್ರ, ಕಾನೂನು, ಮಾರಾಟ, ಜನರನ್ನು ನಡೆಸುವ ವಿದ್ಯೆಯದು. ಮುಂದೆ ಕ್ಯಾಲಿಫೋರ್ನಿಯಾದ ಚಿಕೊ, ಟೆಕ್ಸಾಸ್ ಮತ್ತಿತರ ಕಡೆಯ ವಿಶ್ವವಿದ್ಯಾಲಯಗಳಿಗೂ ಕೋರ್ಸು ಹಬ್ಬಿತು.

2022ರಲ್ಲಿ ಟೆನೆಸಿಯ ಈ ವಿಭಾಗಕ್ಕೆ ಸುಮಾರು 4 ಕೋಟಿ ಡಾಲರ್ ವೆಚ್ಚದ ಸ್ವಂತ ಕಟ್ಟಡ ಸಿಕ್ಕಿತು. ಸರ್ಕಾರದ ಹಣದ ಜೊತೆ ಉದ್ಯಮದವರ ದೇಣಿಗೆಯೂ ಅದರಲ್ಲಿದೆ.

ನನಗೆ ಇಲ್ಲಿ ದೊಡ್ಡದೆನಿಸುವುದು ಹಣದ ಮೊತ್ತವಲ್ಲ. ದಾನ ಕೊಟ್ಟವರು ಕೊಟ್ಟು ಮನೆಗೆ ಹೋಗುವುದಿಲ್ಲ ಎಂಬುದು. ಪಠ್ಯದಲ್ಲಿ ಏನಿರಬೇಕು ಎಂದು ಚರ್ಚಿಸಲು ಅವರೇ ಕೂರುತ್ತಾರೆ, ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಯನ್ನು ತಮ್ಮ ಪ್ಲಾಂಟಿನಲ್ಲಿ ದುಡಿಸಿಕೊಂಡು ಸಂಬಳ ಕೊಡುತ್ತಾರೆ, ಓದು ಮುಗಿದಾಗ ಕೆಲಸ ಕೊಡಲು ಅವರೇ ಸಾಲಿನಲ್ಲಿ ನಿಲ್ಲುತ್ತಾರೆ. ಹರಾಜಿನಲ್ಲಿ ಗರಗಸ ಕೊಂಡವನೇ ನಾಳೆ ಆ ಹುಡುಗನಿಗೆ ಯಜಮಾನ.

---

ಒಂದು ಮೂಟೆ, ಎಷ್ಟು ನೀರು?

● 50 ಕೆ.ಜಿ. ಸಿಮೆಂಟಿನೊಂದಿಗೆ ರಾಸಾಯನಿಕವಾಗಿ ಕೂಡಿಕೊಳ್ಳಲು ಬೇಕಾದ ನೀರು 12 ಲೀಟರಿನ ಆಸುಪಾಸು. ಕಲಸಲು, ಸುರಿಯಲು ಅನುಕೂಲವಾಗಲೆಂದು ಹಾಕುವುದು ಅದಕ್ಕಿಂತ ಹೆಚ್ಚು.

● ಮಿಕ್ಕ ನೀರು ಆರಿಹೋದಾಗ ಅದು ಕುಳಿತಿದ್ದ ಜಾಗ ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ರಂಧ್ರ ಹೆಚ್ಚಿದಷ್ಟೂ ಬಲ ಕಡಿಮೆ. ಒಳಗಿನ ಕಂಬಿಗೆ ತುಕ್ಕು ಹಿಡಿಯುವ ದಾರಿಯೂ ಅದೇ.

● ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಸೌಮ್ಯ ಪರಿಸರದಲ್ಲಿ ನೀರು–ಸಿಮೆಂಟಿನ ತೂಕದ ಪ್ರಮಾಣ 0.55 ಮೀರುವಂತಿಲ್ಲ. ಕಠಿಣ ಪರಿಸರದಲ್ಲಿ ಮಿತಿ 0.45.

---

ಬಾಂಡ್ಲಿ ನೀರಿನ ಮುಂದೆ ನಿಂತವರು

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಮೋಲ್ಡ್ ಹಾಕುವ ದಿನ ಹೋಗಿ ನಿಲ್ಲಿ. ಸೆಂಟ್ರಿಂಗ್ ಮುಗಿದಿದೆ, ಕಂಬಿ ಕಟ್ಟಿದ್ದಾರೆ, ಪೂಜೆ ಆಗಿದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರೆಡಿಮಿಕ್ಸ್ ಲಾರಿ ತಡವಾಗಿ ಬರುತ್ತದೆ. ಬಿಸಿಲಿಗೆ ಮಾಲು ಗಟ್ಟಿಯಾಗುತ್ತಿದೆ, ಪೈಪಿನಲ್ಲಿ ಇಳಿಯುತ್ತಿಲ್ಲ. ಆಗ ಮೇಲಿನಿಂದ ಒಂದು ಕೂಗು ಬರುತ್ತದೆ: “ಅಣ್ಣಾ, ಒಂಚೂರು ನೀರು ಬಿಡಣ್ಣ!”

ಆ ಒಂಚೂರು ನೀರು ಆ ಮನೆಯ ಆಯಸ್ಸನ್ನು ಕಡಿಮೆ ಮಾಡುತ್ತದೆ.

ಸರಿಯಾದ ಉತ್ತರ ಇದೆ: ನೀರು ಬೇಡ, ಅಳತೆ ಮಾಡಿ ಕೆಮಿಕಲ್ ಹಾಕೋಣ, ಅದಕ್ಕೂ ಬಗ್ಗದಿದ್ದರೆ ಲೋಡು ವಾಪಸ್. ಈ ಮಾತು ಹೇಳಲು ಎರಡು ಬೇಕು. ಒಂದು, ತಿಳಿವಳಿಕೆ. ಇನ್ನೊಂದು, ಹೇಳಿದರೆ ನಡೆಯುವಂಥ ಸ್ಥಾನ. ಲಾರಿ ಡ್ರೈವರಿಗೆ ಎರಡನೆಯದು ಇಲ್ಲ. ಗಾರೆಯವನಿಗೂ ಇಲ್ಲ. ಎಂಜಿನಿಯರು ಅನೇಕ ಸಲ ಅಲ್ಲಿ ಇರುವುದೇ ಇಲ್ಲ. ಓದಿಗೂ ಬಡ್ತಿಗೂ ಕೊಡುವ ದಾನದ ಅರ್ಥ ನನಗೆ ಇಲ್ಲಿ ಕಾಣುತ್ತದೆ. ಸೈಟಿನಲ್ಲಿ ನಿಂತು ‘ನೀರು ಬೇಡ’ ಎಂದು ಹೇಳಿ, ಅದನ್ನು ನಡೆಸಬಲ್ಲ ಒಬ್ಬ ಮನುಷ್ಯನನ್ನು ತಯಾರು ಮಾಡುವುದೇ ಆ ಹಣದ ಕೆಲಸ.

ನೀರಿನ ಈ ಕಟ್ಟಳೆ ನಮಗೆ ಗೊತ್ತಾದದ್ದೂ ಉದ್ಯಮದ ಹಣದಿಂದಲೇ. ಷಿಕಾಗೊದ ಲೂಯಿಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಮೆರಿಕದ ಸಿಮೆಂಟ್ ತಯಾರಕರ ಸಂಘ ನೆರವಿತ್ತ ಒಂದು ಪ್ರಯೋಗಾಲಯವಿತ್ತು. ಡಫ್ ಏಬ್ರಮ್ಸ್ ಎಂಬ ಪ್ರಾಧ್ಯಾಪಕ ಅಲ್ಲಿ ವರ್ಷಗಟ್ಟಲೆ ಕಾಂಕ್ರೀಟ್ ಅಚ್ಚು ಹಾಕಿಸಿ, ಒಡೆಸಿ, ಲೆಕ್ಕ ಇಟ್ಟರು. 1918ರಲ್ಲಿ ಹೊರಬಂದ ಅವರ ಚಿಕ್ಕ ಪುಸ್ತಿಕೆ ಹೇಳಿದ್ದು ಇಷ್ಟು: ಒಳ್ಳೆಯ ಜಲ್ಲಿ, ಮರಳು ಇದ್ದಾಗ ಕಾಂಕ್ರೀಟಿನ ಬಲವನ್ನು ನಿರ್ಧರಿಸುವುದು ನೀರು ಮತ್ತು ಸಿಮೆಂಟಿನ ನಡುವಿನ ಪ್ರಮಾಣ. ಇಂದಿಗೂ ಜಗತ್ತಿನ ಪ್ರತಿ ಸಿವಿಲ್ ವಿದ್ಯಾರ್ಥಿ ಈ ಪಾಠ ಓದುತ್ತಾನೆ. ಗೊತ್ತಾಗಿ ನೂರು ವರ್ಷ ದಾಟಿದೆ. ಸೈಟಿನವರೆಗೆ ಅದು ಇನ್ನೂ ಪೂರ್ತಿ ಇಳಿದಿಲ್ಲ.

ಹೆಸರು ಉಳಿಸುವ ನಿಧಿಗಳು

ಲಾಸ್ ವೇಗಸ್‌ನ ಹರಾಜು ಗದ್ದಲದ ದಾನ. ಇದೇ ಉದ್ಯಮದಲ್ಲಿ ಸದ್ದಿಲ್ಲದೆ ನಡೆಯುವ ದಾನವೂ ಇದೆ.

ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ (ಎಸಿಐ) 1904ರ ಸುಮಾರಿಗೆ ಸಿಮೆಂಟ್ ಬಳಸುವವರ ಸಂಘವಾಗಿ ಹುಟ್ಟಿದ್ದು. ಆಗ ಕಾಂಕ್ರೀಟ್ ಇಟ್ಟಿಗೆ, ಕಟ್ಟಡಗಳ ಗುಣಮಟ್ಟ ಕೇಳುವವರೇ ಇರಲಿಲ್ಲ. ನಿಯಮ ಮಾಡಲು ಹುಟ್ಟಿದ ಈ ಸಂಸ್ಥೆ 1989ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿಕೊಂಡಿತು. ಅದು ಕೊಡುವ ವಿದ್ಯಾರ್ಥಿವೇತನ 5 ಸಾವಿರ ಡಾಲರಿನ ಆಸುಪಾಸು, ಫೆಲೊಶಿಪ್ 10ರಿಂದ 15 ಸಾವಿರದವರೆಗೆ. ಅಮೆರಿಕದ ಕಾಲೇಜು ಶುಲ್ಕದ ಮುಂದೆ ಇದು ದೊಡ್ಡ ಮೊತ್ತವಲ್ಲ.

ಆದರೆ ಫೆಲೊಶಿಪ್ ಪಡೆದವರಿಗೆ ಚೆಕ್ಕಿನ ಜೊತೆ ಇನ್ನೆರಡು ಸಿಗುತ್ತವೆ. ಎಸಿಐ ಸಮ್ಮೇಳನಗಳಿಗೆ ಖರ್ಚು ಕೊಟ್ಟು ಕರೆಸಿಕೊಳ್ಳುತ್ತಾರೆ. ಉದ್ಯಮದ ಒಬ್ಬ ಹಿರಿಯನನ್ನು ಮಾರ್ಗದರ್ಶಿಯಾಗಿ ಜೊತೆಮಾಡುತ್ತಾರೆ. ಜಗತ್ತು ಅನುಸರಿಸುವ ಕಟ್ಟಡ ನಿಯಮಗಳನ್ನು ಬರೆಯುವ ಸಮಿತಿಗಳು ಅದೇ ಸಮ್ಮೇಳನಗಳಲ್ಲಿ ಕೂರುತ್ತವೆ. ಇಪ್ಪತ್ತೆರಡರ ಹುಡುಗಿಯೊಬ್ಬಳು ಆ ಕೋಣೆಯ ಹಿಂದಿನ ಸಾಲಿನಲ್ಲಿ ಕೂತು, ತಾನು ಓದಿದ ಪುಸ್ತಕ ಬರೆದವರೇ ಒಂದು ವಾಕ್ಯಕ್ಕಾಗಿ ಜಗಳವಾಡುವುದನ್ನು ನೋಡುತ್ತಾಳೆ. ಯಾವ ತರಗತಿಯಲ್ಲೂ ಸಿಗದ ಪಾಠ ಇದು.

ಈ ವೇತನಗಳ ಹೆಸರುಗಳಲ್ಲಿ ಕಾಂಕ್ರೀಟಿನ ಚರಿತ್ರೆಯೇ ಇದೆ. ಒಂದು ಕ್ಯಾಥರಿನ್ ಮತ್ತು ಬ್ರಯಾಂಟ್ ಮೇಥರ್ ದಂಪತಿಯದು. ಇಬ್ಬರೂ ಅಮೆರಿಕದ ಸೇನೆಯ ಎಂಜಿನಿಯರ್ ದಳದ ಪ್ರಯೋಗಾಲಯದಲ್ಲಿ ಬದುಕು ಸವೆಸಿದವರು. ಕ್ಯಾಥರಿನ್ ಓದಿದ್ದು ಭೂವಿಜ್ಞಾನ. ಕಲ್ಲು ನೋಡುವ ಸೂಕ್ಷ್ಮದರ್ಶಕದ ಕೆಳಗೆ ಕಾಂಕ್ರೀಟಿನ ತೆಳು ಚೂರು ಇಟ್ಟು, ಅದು ಏಕೆ ಬಿರಿಯಿತು ಎಂದು ಓದುವುದರಲ್ಲಿ ಆಕೆ ಎತ್ತಿದ ಕೈ. ಹೆಂಗಸರು ಸೈಟಿನ ಹತ್ತಿರವೂ ಸುಳಿಯದಿದ್ದ ಕಾಲ ಅದು.

ಇನ್ನೊಂದು ಹೆಸರು ನಮ್ಮ ದೇಶದಿಂದ ಹೋದವರದು: ಪಿ. ಕುಮಾರ್ ಮೆಹ್ತಾ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಕಾಂಕ್ರೀಟಿನ ಒಳರಚನೆ ಕುರಿತ ಅವರ ಪುಸ್ತಕ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲೂ ಇದೆ. ಸಿಮೆಂಟಿನ ಬಹುಪಾಲನ್ನು ಕಡಿಮೆ ಮಾಡಿ, ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿ ಸೇರಿಸಿದರೆ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾದರೂ ಹೆಚ್ಚು ಕಾಲ ಬಾಳುತ್ತದೆ ಎಂದು ಅವರು ಹೇಳುತ್ತಲೇ ಬಂದರು.

ಹೇಳಿದ್ದನ್ನು ಮಾಡಿಯೂ ತೋರಿಸಿದರು. ಹವಾಯಿಯ ಕವಾಯಿ ದ್ವೀಪದಲ್ಲಿ ಚೋಳ ಶೈಲಿಯ ಒಂದು ಶಿವ ದೇವಾಲಯವಿದೆ, ಹೆಸರು ಇರೈವನ್. ಅದರ ಕಲ್ಲುಗಳನ್ನು ಉಳಿ ಸುತ್ತಿಗೆ ಹಿಡಿದು ಕೆತ್ತಿದ್ದು ಬೆಂಗಳೂರಿನ ಹತ್ತಿರ. ಇಲ್ಲಿಂದ ಹಡಗಿನಲ್ಲಿ ಹೋದ ಆ ಬಿಳಿ ಗ್ರಾನೈಟ್ ಕೂತಿರುವುದು ಮೆಹ್ತಾ ರೂಪಿಸಿದ ತಳಪಾಯದ ಮೇಲೆ. ಕಟ್ಟಿಸಿದವರು ಕೇಳಿದ್ದು ಸಾವಿರ ವರ್ಷದ ಆಯಸ್ಸು. 1999ರಲ್ಲಿ ಹಾಕಿದ ಆ ತಳಪಾಯದಲ್ಲಿ ಒಂದು ತುಂಡು ಕಬ್ಬಿಣವೂ ಇಲ್ಲ, ಏಕೆಂದರೆ ತುಕ್ಕು ಹಿಡಿಯುವುದು ಕಬ್ಬಿಣವೇ. ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಾರುಬೂದಿ ತುಂಬಿತು. ನೀರು ಆದಷ್ಟು ಕಡಿಮೆ.

ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬರುವ ಬೂದಿಯೂ ಇದೇ ಜಾತಿಯದು. ಅದನ್ನು ಅಳತೆ ಅರಿತು ಬಳಸುವ ವಿದ್ಯೆ ಎಷ್ಟು ಜನರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಹಣ ಕೊಟ್ಟವರ ನೆರಳು

ಉದ್ಯಮದ ಹಣ ಓದಿನೊಳಗೆ ಬಂದರೆ ಓದಿನ ದಿಕ್ಕು ತಪ್ಪುವುದಿಲ್ಲವೆ? ಕೇಳಲೇಬೇಕಾದ ಪ್ರಶ್ನೆ. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ತಯಾರಿಸುತ್ತದೆ. ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7–8ರಷ್ಟು ಇದರ ಪಾಲು. ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಈ ಅನಿಲ ಹೊರಡುತ್ತದೆ. ಒಲೆಗೆ ಬೇರೆ ಉರುವಲು ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

2009ರಲ್ಲಿ ಎಂಐಟಿಯಲ್ಲಿ ಕಾಂಕ್ರೀಟಿನ ಪರಿಸರ ಪರಿಣಾಮ ಅಧ್ಯಯನ ಮಾಡುವ ಕೇಂದ್ರವೊಂದು ಶುರುವಾಯಿತು. ಐದು ವರ್ಷಕ್ಕೆ 1 ಕೋಟಿ ಡಾಲರ್ ಕೊಟ್ಟವರು ಸಿಮೆಂಟ್ ತಯಾರಕರ ಸಂಘ ಮತ್ತು ರೆಡಿಮಿಕ್ಸ್ ಉದ್ಯಮದ ಶಿಕ್ಷಣ ಪ್ರತಿಷ್ಠಾನ. ತನ್ನ ಹೊಗೆಯನ್ನು ತಾನೇ ಅಳೆಸುವ ಉದ್ಯಮವನ್ನು ಮೆಚ್ಚಬೇಕು. ಅಷ್ಟೇ ಎಚ್ಚರದಿಂದ ಫಲಿತಾಂಶವನ್ನೂ ಓದಬೇಕು. ಹಣ ಯಾರದು ಎಂದು ಪ್ರತಿ ವರದಿಯ ಮೊದಲ ಪುಟದಲ್ಲೇ ಹೇಳಬೇಕು. ಪ್ರಕಟಿಸುವ ಹಕ್ಕು ಸಂಶೋಧಕನದ್ದೇ ಆಗಿರಬೇಕು. ವಿದ್ಯಾರ್ಥಿವೇತನದ ವಿಷಯದಲ್ಲಿ ಈ ಅಪಾಯ ಕಡಿಮೆ ಎಂದು ನನಗೆ ಅನಿಸುತ್ತದೆ. ಸಂಶೋಧನೆಗೆ ಕೊಟ್ಟ ಹಣ ಒಂದು ಉತ್ತರವನ್ನು ನಿರೀಕ್ಷಿಸಬಹುದು. ಕಲಿತವನ ಬಾಯಿಂದ ನಾಳೆ ಯಾವ ಪ್ರಶ್ನೆ ಬರುತ್ತದೆ ಎಂದು ಓದಿಸಿದವರಿಗೂ ಗೊತ್ತಿರುವುದಿಲ್ಲ.

---

ವಿದ್ಯಾರ್ಥಿವೇತನದಿಂದ ಬಂದ ಎಂಜಿನಿಯರ್

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ಹೊಂದಿಸಿದರು. 1881ರಲ್ಲಿ ಬಿ.ಎ. ಆದ ಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕಳಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದರು. ಮುಂದೆ ಅವರ ನೇತೃತ್ವದಲ್ಲಿ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆ.

---

ಸಿಮೆಂಟಿನ ನೆಲದಿಂದ ಸೆಂಟ್ರಿಂಗ್ ಕೆಲಸಕ್ಕೆ

ಕಲಬುರಗಿ ಜಿಲ್ಲೆಯ ನಕ್ಷೆ ತೆಗೆದರೆ ಸಿಮೆಂಟಿನ ಊರುಗಳು ಸಾಲಾಗಿ ಕಾಣುತ್ತವೆ: ಶಹಾಬಾದ್, ವಾಡಿ, ಸೇಡಂ, ಮಳಖೇಡ. ಭೀಮಾ ತೀರದ ಸುಣ್ಣಕಲ್ಲಿನ ಪದರವೇ ಇದಕ್ಕೆ ಕಾರಣ. ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಕೋಟೆಗೆ ಸ್ವಲ್ಪ ದೂರದಲ್ಲೇ ಸಿಮೆಂಟ್ ಗೂಡಿನ ಚಿಮಣಿ.

ಇದೇ ಜಿಲ್ಲೆಯಿಂದ, ಪಕ್ಕದ ಯಾದಗಿರಿ, ರಾಯಚೂರುಗಳಿಂದ ಗಂಡ ಹೆಂಡತಿ ಮಕ್ಕಳ ಸಮೇತ ಜನ ಬೆಂಗಳೂರಿನ ರೈಲು ಹತ್ತುತ್ತಾರೆ. ಗಾರೆ ಕೆಲಸ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ಬಾಂಡ್ಲಿ ಹೊರುವುದು. ಊರಿನ ಸುಣ್ಣಕಲ್ಲು ಸಿಮೆಂಟಾಗಿ, ಊರಿನ ಜನ ಕೂಲಿಯಾಗಿ ಒಂದೇ ಸೈಟಿಗೆ ಬಂದು ಸೇರುತ್ತಾರೆ.

ಇವರ ಹೆಸರಿನಲ್ಲಿ ಹಣ ಇಲ್ಲ ಎನ್ನುವಂತಿಲ್ಲ. 1996ರ ಕಾಯ್ದೆ ತಂದ ನಿಯಮದಂತೆ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗಬೇಕು. ಕರ್ನಾಟಕದ ಕಲ್ಯಾಣ ಮಂಡಳಿ 2007ರಲ್ಲಿ ಬಂತು. ವರ್ಷದಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿ ಲೇಬರ್ ಕಾರ್ಡ್ ಪಡೆದವರ ಮಕ್ಕಳಿಗೆ ಓದಿನ ಸಹಾಯಧನ ಸಿಗುತ್ತದೆ. ಇದು ಯಾರ ಔದಾರ್ಯವೂ ಅಲ್ಲ, ಅವರ ಬೆವರಿನ ಮೇಲೆ ಕಾನೂನು ಕೊಟ್ಟ ಹಕ್ಕು. ಆದರೂ ದೇಶದ ಮಂಡಳಿಗಳು ಸಾವಿರಾರು ಕೋಟಿ ರೂಪಾಯಿ ಖರ್ಚು ಮಾಡದೆ ಇಟ್ಟುಕೊಂಡದ್ದನ್ನು, ಕೆಲವೆಡೆ ಅದೇ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಹಂಚಿದ್ದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಟುವಾಗಿ ಟೀಕಿಸಿತು.

ಹಣದ ಎರಡನೆಯ ತೊರೆ ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಕೊಡಬೇಕು. ಶಿಕ್ಷಣ, ಕೌಶಲ ತರಬೇತಿ ಎರಡೂ ಆ ಪಟ್ಟಿಯಲ್ಲಿವೆ. ಸಿಮೆಂಟ್ ಕಂಪನಿಗಳು ಕಾರ್ಖಾನೆ ಸುತ್ತಲಿನ ಹಳ್ಳಿಗಳಲ್ಲಿ ಶಾಲೆ ನಡೆಸುತ್ತವೆ, ಹೊಲಿಗೆ, ವೈರಿಂಗ್ ಕಲಿಸುತ್ತವೆ. ಒಳ್ಳೆಯದೇ. ಆದರೆ ತಾವು ಮಾರುವ ಸರಕನ್ನು ಸರಿಯಾಗಿ ಬಳಸುವ ವಿದ್ಯೆಗೆ ಅದರಲ್ಲಿ ಎಷ್ಟು ಹೋಗುತ್ತದೆ ಎಂದು ಕೇಳುವ ಹಕ್ಕು ಮನೆ ಕಟ್ಟುವ ನಮಗೆಲ್ಲ ಇದೆ.

ಮಾದರಿಗಳಿಗೆ ಬರವಿಲ್ಲ. ಎಲ್ ಅಂಡ್ ಟಿ ಕಂಪನಿ 1995ರಿಂದ ತರಬೇತಿ ಕೇಂದ್ರಗಳನ್ನು ನಡೆಸುತ್ತಿದೆ, ಬೆಂಗಳೂರಿನಲ್ಲೂ ಒಂದಿದೆ. ಹಳ್ಳಿಯ ಹುಡುಗರಿಗೆ ಕೆಲವು ತಿಂಗಳು ಸೆಂಟ್ರಿಂಗ್, ಬಾರ್ ಬೆಂಡಿಂಗ್, ಗಾರೆ ಕೆಲಸ ಕಲಿಸುತ್ತಾರೆ. ಮೇಲ್ತುದಿಯಲ್ಲಿ, ನಿರ್ಮಾಣ ಕಂಪನಿಗಳೇ ಸೇರಿ 1983ರಲ್ಲಿ ಕಟ್ಟಿದ ನಿಕ್ಮಾರ್ ಇದೆ. ಎಂಜಿನಿಯರುಗಳಿಗೆ ಅದು ಯೋಜನೆ ನಡೆಸುವ ವಿದ್ಯೆ ಹೇಳಿಕೊಡುತ್ತದೆ. ಸರ್ಕಾರದ ಕೌಶಲ ಯೋಜನೆಗಳಲ್ಲಿ ಅನುಭವಿ ಗಾರೆಯವರಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಆ ಪತ್ರ ತೋರಿಸಿದವರಿಗೆ ಕೂಲಿ ಏರಿಸಬೇಕೆಂಬ ಕರಾರು ಮಾತ್ರ ಇಲ್ಲ.

ಕೆಳಗಿನ ಮೆಟ್ಟಿಲು ಇದೆ, ಮೇಲಿನದೂ ಇದೆ. ನಡುವಿನದು ಇಲ್ಲ.

ನಡುವಿನ ಮೆಟ್ಟಿಲಿಗೆ ಯಾರು ಹಣ ಹಾಕುತ್ತಾರೆ?

ನಡುವಿನವರು ಯಾರು? ಬ್ಯಾಚಿಂಗ್ ಪ್ಲಾಂಟಿನಲ್ಲಿ ಮರಳಿನ ತೇವ ನೋಡಿ ನೀರು ತಿದ್ದುವ ಆಪರೇಟರು. ಸೈಟಿನಲ್ಲಿ 30 ಸೆಂಟಿಮೀಟರ್ ಎತ್ತರದ ಶಂಕುವಿಗೆ ಮಾಲು ತುಂಬಿ, ಎತ್ತಿ, ಎಷ್ಟು ಕುಸಿಯಿತು ಎಂದು ಸ್ಲಂಪ್ ಅಳೆಯುವವರು. 15 ಸೆಂಟಿಮೀಟರ್ ಕ್ಯೂಬ್ ಹಾಕಿ, 7ನೇ ದಿನ, 28ನೇ ದಿನ ಒಡೆಸಿ, ಬಂದ ಅಂಕಿಯನ್ನು ತಿದ್ದದೆ ಬರೆಯುವ ಲ್ಯಾಬ್ ಟೆಕ್ನೀಷಿಯನ್. ‘ನೀರು ಬೇಡ’ ಎಂದು ಮೊದಲು ಹೇಳಬೇಕಾದವರು ಇವರೇ.

ಅಮೆರಿಕದಲ್ಲಿ ಇಂಥ ಪರೀಕ್ಷೆ ಮಾಡುವವರಿಗೆ ಸಾಮಾನ್ಯವಾಗಿ ಎಸಿಐ ಪ್ರಮಾಣಪತ್ರ ಬೇಕು. ಬರೆಯುವ ಪರೀಕ್ಷೆಯೂ ಇದೆ, ಪರೀಕ್ಷಕರ ಎದುರು ಕೈಯಾರೆ ಮಾಡಿ ತೋರಿಸುವುದೂ ಇದೆ. ಐದು ವರ್ಷಕ್ಕೊಮ್ಮೆ ಮತ್ತೆ ತೇರ್ಗಡೆಯಾಗಬೇಕು. ಭಾರತದಲ್ಲೂ ಎಸಿಐನ ಇಂಡಿಯಾ ಚಾಪ್ಟರ್ ಇದನ್ನು ನಡೆಸುತ್ತದೆ. ಆದರೆ ದಿನಗೂಲಿಯ ಮನೆಯ ಹುಡುಗ ಅದರ ಶುಲ್ಕ ಕಟ್ಟಿ, ಕೂಲಿ ಬಿಟ್ಟು, ಇಂಗ್ಲಿಷ್‌ನಲ್ಲಿ ಓದಿ ಪಾಸಾಗಬೇಕೆಂದರೆ ಅದು ಅವನಿಗೆ ಎಟುಕುವುದಿಲ್ಲ.

ಕೊಡುಗೈಯವರು ಒಂದು ಮಾತು ಗಮನಿಸಬೇಕು. ನಮ್ಮಲ್ಲಿ ವಿದ್ಯಾರ್ಥಿವೇತನ ಎಂದ ಕೂಡಲೇ ಶೇ 90ರ ಮೇಲೆ ಅಂಕ ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವರು ಹೇಗೂ ಓದುತ್ತಾರೆ, ಬಹುಪಾಲು ಕಂಪ್ಯೂಟರ್ ಕಡೆ ಹೋಗುತ್ತಾರೆ. ಸಿವಿಲ್ ಡಿಪ್ಲೊಮಾದ ಎರಡನೇ ವರ್ಷದಲ್ಲಿ, ಅಪ್ಪನ ಸೊಂಟ ಹಿಡಿದುಕೊಂಡಿತೆಂದು ಕಾಲೇಜು ಬಿಟ್ಟು ಕೂಲಿಗೆ ಹೋಗುವ ಶೇ 60ರ ಹುಡುಗನಿಗೆ ಶಾಲು ಸಿಗುವುದಿಲ್ಲ. ಕಾಂಕ್ರೀಟ್ ಗೊತ್ತಿರುವುದು ಆ ಹುಡುಗನಿಗೇ. ಅಪ್ಪನ ಜೊತೆ ಭಾನುವಾರ ಮೋಲ್ಡ್ ಕೆಲಸಕ್ಕೆ ಹೋಗಿ, ವೈಬ್ರೇಟರ್ ಹಿಡಿದು, ಕ್ಯೂರಿಂಗ್‌ಗೆ ನೀರು ಹೊಡೆದು ಕಲಿತವನು ಅವನು.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಸೈಟಿನಲ್ಲಿ ಎಷ್ಟೋ ಹೆಂಗಸರು ದುಡಿಯುತ್ತಾರೆ. ವಯಸ್ಸು ಕಳೆದರೂ ಕೆಲಸ ಮಾತ್ರ ಬಾಂಡ್ಲಿ ಹೊರುವುದೇ. ಮೇಸ್ತ್ರಿಯಾದ ಹೆಂಗಸು ಅಪರೂಪ. ಅಮೆರಿಕದ ಫೋರ್ಟ್‌ವರ್ತ್ ಊರಿನಲ್ಲಿ 1953ರಲ್ಲಿ ಕಟ್ಟಡ ಉದ್ಯಮದ 16 ಹೆಂಗಸರು ಸೇರಿ ಸಂಘ ಕಟ್ಟಿಕೊಂಡರು. ಅದು ದೇಶವ್ಯಾಪಿಯಾಗಿ ಬೆಳೆದು, ತನ್ನದೇ ವಿದ್ಯಾರ್ಥಿವೇತನ ನಿಧಿಯನ್ನೂ ಸ್ಥಾಪಿಸಿತು. ನಮ್ಮ ಬಾಂಡ್ಲಿ ಹೊರುವ ತಾಯಿಯ ಮಗಳು ಲ್ಯಾಬ್ ಟೆಕ್ನೀಷಿಯನ್ ಆಗಲು ಬೇಕಾದ ನೆರವು ತೀರಾ ದೊಡ್ಡದಲ್ಲ: ಮೂರು ವರ್ಷದ ಶುಲ್ಕ, ಹಾಸ್ಟೆಲ್ಲು, ಬಸ್ ಪಾಸು, ಬೇಸಿಗೆಯಲ್ಲಿ ಸಂಬಳ ಸಹಿತ ಕೆಲಸ, ಕೇಳಿದಾಗ ಫೋನ್ ಎತ್ತುವ ಒಬ್ಬ ಹಿರಿಯ ಎಂಜಿನಿಯರ್.

ಲಾಸ್ ವೇಗಸ್‌ನ ಹರಾಜನ್ನು ಹಾಗೆಯೇ ಇಲ್ಲಿ ಎತ್ತಿ ತರಬೇಕಾಗಿಲ್ಲ. ಬೆಂಗಳೂರಿನಲ್ಲೂ ಕಟ್ಟಡ ಸಾಮಗ್ರಿಗಳ ದೊಡ್ಡ ಮೇಳಗಳು ನಡೆಯುತ್ತವೆ. ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ಕೇಂದ್ರ ಇಲ್ಲಿದೆ, ಕ್ರೆಡಾಯ್ ಇದೆ, ಬಿಲ್ಡರ್ಸ್ ಅಸೋಸಿಯೇಷನ್ ಇದೆ. ರೆಡಿಮಿಕ್ಸ್ ಕಂಪನಿಗಳು ತಾವು ಮಾರುವ ಪ್ರತಿ ಘನ ಮೀಟರಿಗೆ ಒಂದು ರೂಪಾಯಿ ತೆಗೆದಿಟ್ಟರೂ ಒಂದು ನಿಧಿಗೆ ಬುನಾದಿಯಾಗುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಗಿರಾಕಿ ಕೊಡುವುದು ಸಾವಿರಾರು ರೂಪಾಯಿ.

ಆ ನಿಧಿಗೆ ಮೂರು ಷರತ್ತು ಇರಲಿ ಎಂಬುದು ನನ್ನ ಕೋರಿಕೆ. ಹಣ ವಿದ್ಯಾರ್ಥಿಯ ಖಾತೆಗೆ ಓದು ಮುಗಿಯುವವರೆಗೆ ಬರಬೇಕು, ಮೊದಲ ವರ್ಷ ಕೊಟ್ಟು ಫೋಟೊ ತೆಗೆಸಿ ನಿಲ್ಲಿಸಬಾರದು. ಕೊಟ್ಟ ಕಂಪನಿ ಬೇಸಿಗೆಯ ಕೆಲಸವನ್ನೂ ಕೊಡಬೇಕು. ಪಾಠ, ಕೈಪಿಡಿ, ಪರೀಕ್ಷೆ ಕನ್ನಡದಲ್ಲಿ ಸಿಗಬೇಕು. ನೀರು–ಸಿಮೆಂಟಿನ ಲೆಕ್ಕಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ಮುಂದಕ್ಕೆ ಹೋಗುವವರಿಗೆ ನಿಧಿ ಅಲ್ಲಿಯವರೆಗೂ ಜೊತೆಗಿರಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಪಾಲಿಟೆಕ್ನಿಕ್ ಪ್ರವೇಶ ಶುರುವಾಗುತ್ತದೆ. ಯಾದಗಿರಿ, ಸೇಡಂ ಕಡೆಯ ಮನೆಗಳಲ್ಲಿ ಮಗನನ್ನು ಕಾಲೇಜಿಗೆ ಸೇರಿಸುವುದೋ ಬೆಂಗಳೂರಿನ ರೈಲು ಹತ್ತಿಸುವುದೋ ಎಂದು ತೀರ್ಮಾನಿಸುವುದು ಆ ಕೆಲವೇ ವಾರಗಳಲ್ಲಿ. ಕೊಡುವ ಮನಸ್ಸಿದ್ದವರು ಏಪ್ರಿಲ್ ಮುಗಿಯುವ ಮೊದಲೇ ಹೇಳಿದರೆ, ಸುದ್ದಿ ಆ ಮನೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ.